ಜೋಡಿಸಿದ ಕೈ: ತೋರುಬೆರಳು ಮುಟ್ಟಿದರೆ ತಮ್ಮ ನಡುಬೆರಳು ಎನ್ನುತ್ತಾನೆ

ಹೇಮಾವತಿ ತೀರ

ಎಲ್ಲರಿಗೂ ನಮಸ್ಕಾರ. ಎಂಟು ತಿಂಗಳ ಹಿಂದೆ ನನ್ನ ತಮ್ಮನ ಬಲಗೈ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಮಣಿಕಟ್ಟಿನ ಹತ್ತಿರ ಪೂರ್ತಿ ತುಂಡಾಯಿತು. ನಮ್ಮೂರು ಚನ್ನರಾಯಪಟ್ಟಣದ ಬಳಿ. ತಮ್ಮನನ್ನೂ ಅವನ ಕೈಯನ್ನೂ ಒಂದೇ ಕಾರಿನಲ್ಲಿ ಬೆಂಗಳೂರಿಗೆ ಒಯ್ದೆವು. ರಾತ್ರಿಯಿಡೀ ಶಸ್ತ್ರಚಿಕಿತ್ಸೆ ನಡೆಸಿ ಜೋಡಿಸಿದರು. ಈಗ ಕೈ ಬೆಚ್ಚಗಿದೆ, ಉಗುರು ಬೆಳೆಯುತ್ತಿದೆ, ಮುಷ್ಟಿ ಅರ್ಧದಷ್ಟು ಕಟ್ಟುತ್ತದೆ.

ನನ್ನ ಪ್ರಶ್ನೆ ಬೇರೆ. ಹೋದ ವಾರ ಅವನು ಜಗಲಿಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದ. ನಾನು ಕೊಬ್ಬರಿ ಎಣ್ಣೆ ಹಚ್ಚುತ್ತಾ ಅವನ ತೋರುಬೆರಳಿನ ತುದಿಯನ್ನು ಒತ್ತಿದೆ. "ಅಕ್ಕ, ನಡುಬೆರಳು ಜುಮ್ಮೆನ್ನುತ್ತಿದೆ" ಎಂದ. ನಡುಬೆರಳನ್ನು ನಾನು ಮುಟ್ಟಿಯೇ ಇರಲಿಲ್ಲ. ಮತ್ತೆ ಮತ್ತೆ ಮಾಡಿ ನೋಡಿದೆ. ಹೆಬ್ಬೆರಳು ಒತ್ತಿದರೆ ಹೆಬ್ಬೆರಳಿನಲ್ಲೂ ಅಂಗೈಯಲ್ಲೂ ಎರಡು ಕಡೆ ತಿಳಿಯುತ್ತದಂತೆ. ಕಣ್ಣು ತೆರೆದರೆ ಸರಿಯಾಗಿ ಹೇಳುತ್ತಾನೆ, ಮುಚ್ಚಿದರೆ ತಪ್ಪುತ್ತಾನೆ.

ಅಮ್ಮನಿಗೆ ನರಗಳನ್ನು ತಪ್ಪಾಗಿ ಜೋಡಿಸಿದ್ದಾರೆ ಎಂಬ ಅನುಮಾನ ಹತ್ತಿದೆ. ಅಳುತ್ತಾಳೆ. ವೈದ್ಯರ ಬಳಿ ಹೋದಾಗ ಹೊರಗೆ ಇನ್ನೂ ಐವತ್ತು ಜನ ಕಾಯುತ್ತಿದ್ದರು. "ಮಿದುಳು ಕಲಿಯಬೇಕು, ಸಮಯ ಹಿಡಿಯುತ್ತದೆ" ಎಂದಷ್ಟೇ ಹೇಳಿದರು. ಅವನ ಕೈಯೇ ಅಲ್ಲವೇ ಅದು? ಇಪ್ಪತ್ತೇಳು ವರ್ಷ ಅದರಲ್ಲೇ ಉಂಡವನು, ಹಾಲು ಕರೆದವನು. ಮಿದುಳು ಹೊಸದಾಗಿ ಏನು ಕಲಿಯಬೇಕು? ಬೇರೆಯವರ ಕೈ ಕಸಿ ಮಾಡಿಸಿಕೊಂಡವರೇ ಬರೆಯುತ್ತಾರೆ, ಉಣ್ಣುತ್ತಾರೆ ಎಂದು ಓದುತ್ತೇವೆ. ಸ್ವಂತ ಕೈಗೇ ಹೀಗಾದರೆ ಹೇಗೆ?

ಗೋರಂಟಿ

ಕೈ ಉಳಿದಿದೆಯಲ್ಲ ಅಕ್ಕ, ಮೊದಲು ಅಮ್ಮನಿಗೆ ಅದನ್ನು ಹೇಳಿ. ಎಂಟು ತಿಂಗಳಿಗೆ ಬೆರಳ ತುದಿಯಲ್ಲಿ ಏನಾದರೂ ತಿಳಿಯುತ್ತಿದೆ ಎನ್ನುವುದೇ ಒಳ್ಳೆಯ ಸುದ್ದಿಯಲ್ಲವೇ?

ಕೇಬಲ್ ಜಾಯಿಂಟರ್

ನಾನು ಟೆಲಿಫೋನ್ ಕೇಬಲ್ ಜೋಡಿಸುವ ಕೆಲಸದಲ್ಲಿ 31 ವರ್ಷ ಇದ್ದವನು, ಈಗ ನಿವೃತ್ತ. ವೈದ್ಯ ಅಲ್ಲ. ಆದರೆ ನಿಮ್ಮ ತಮ್ಮನ ಮಾತು ಓದಿದ ಕೂಡಲೇ ನನಗೆ ಹೊಂಡದೊಳಗೆ ಕುಳಿತ ದಿನಗಳು ನೆನಪಾದವು. ರಸ್ತೆ ಅಗೆಯುವವರು ನೂರು ಜೋಡಿಯ ಕೇಬಲ್ ಕತ್ತರಿಸಿಬಿಟ್ಟರೆ ಎರಡೂ ತುದಿಗಳನ್ನು ಸುಲಿದು, ಬಣ್ಣ ನೋಡಿ ಜೋಡಿಸುತ್ತಿದ್ದೆವು. ಬಿಳಿ-ನೀಲಿ, ಬಿಳಿ-ಕಿತ್ತಳೆ, ಬಿಳಿ-ಹಸಿರು, ಹೀಗೆ. ಬಣ್ಣ ಮಾಸಿದ ಹಳೆಯ ಕೇಬಲ್ ಆದರೆ ಒಂದೆರಡು ಜೋಡಿ ಅದಲುಬದಲಾಗುತ್ತಿತ್ತು. ಆಗ ಡಾಕ್ಟರ ಮನೆಗೆ ಕರೆ ಮಾಡಿದರೆ ಅಕ್ಕಿ ಗಿರಣಿಯಲ್ಲಿ ಗಂಟೆ ಬಾರಿಸುತ್ತಿತ್ತು. ತಂತಿ ಚೆನ್ನಾಗಿದೆ, ಗಂಟೆಯೂ ಬರುತ್ತಿದೆ, ಆದರೆ ಬೇರೆ ಮನೆಯಲ್ಲಿ.

ನರದೊಳಗೂ ಹೀಗೇ ಆಗುತ್ತದೆಯೇ? ತಿಳಿದವರು ಹೇಳಿ.

ಕೈಚಿಕಿತ್ಸಕಿ ಮೈಸೂರು

ಕೇಬಲ್ ಸರ್, ನಾನು ಹದಿನಾಲ್ಕು ವರ್ಷಗಳಿಂದ ಕೈ ಗಾಯಗಳ ಫಿಸಿಯೋಥೆರಪಿ ಮಾಡುತ್ತಿದ್ದೇನೆ. ರೋಗಿಗಳಿಗೆ ಇನ್ನು ಮುಂದೆ ನಿಮ್ಮ ಉದಾಹರಣೆಯನ್ನೇ ಹೇಳುತ್ತೇನೆ. ಬಹುಪಾಲು ಹೀಗೇ ಆಗುತ್ತದೆ. ಒಂದು ವ್ಯತ್ಯಾಸವಿದೆ, ಅದೇ ಮುಖ್ಯ.

ಅಕ್ಕ, ಮಣಿಕಟ್ಟಿನಲ್ಲಿ ಅಂಗೈಗೆ ಹೋಗುವ ಎರಡು ದೊಡ್ಡ ನರಗಳಿವೆ: ಮೀಡಿಯನ್ ಮತ್ತು ಅಲ್ನಾರ್. ಒಂದೊಂದರಲ್ಲೂ ಸಾವಿರಾರು ಎಳೆಗಳು. ಸೂಕ್ಷ್ಮದರ್ಶಕದಡಿ ಶಸ್ತ್ರವೈದ್ಯರು ಹೊಲಿಯುವುದು ನರದ ಹೊರಕವಚವನ್ನು ಮತ್ತು ಒಳಗಿನ ಕಟ್ಟುಗಳನ್ನು. ಒಂದೊಂದೇ ಎಳೆಯನ್ನು ಹಿಡಿದು ಹೊಲಿಯಲು ಜಗತ್ತಿನ ಯಾವ ಕೈಗೂ ಆಗುವುದಿಲ್ಲ. ಬಣ್ಣವೂ ಇಲ್ಲ, ಗುರುತೂ ಇಲ್ಲ.

ಇನ್ನೊಂದು ಮಾತು. ಹೊಲಿದ ಕೂಡಲೇ ಹಳೆಯ ಎಳೆ ಕೂಡಿಕೊಳ್ಳುವುದಿಲ್ಲ. ಕತ್ತರಿಸಿದ ಜಾಗದಿಂದ ಬೆರಳಿನವರೆಗಿನ ಎಳೆಗಳೆಲ್ಲ ಸತ್ತು ಕರಗುತ್ತವೆ. ಇದನ್ನು 1850ರಲ್ಲೇ ಶರೀರವಿಜ್ಞಾನಿ ಅಗಸ್ಟಸ್ ವಾಲರ್ ಗುರುತಿಸಿದ್ದರು. ಉಳಿಯುವುದು ಖಾಲಿ ಕೊಳವೆಗಳು. ಬೆನ್ನುಹುರಿಯ ಕಡೆಯಿಂದ ಹೊಸ ಎಳೆಗಳು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಬೆಳೆದು ಆ ಕೊಳವೆಗಳೊಳಗೆ ನುಗ್ಗಬೇಕು. ಮಣಿಕಟ್ಟಿನಿಂದ ಬೆರಳ ತುದಿಗೆ ಹದಿನೆಂಟು ಸೆಂಟಿಮೀಟರ್ ಎಂದುಕೊಂಡರೆ ಆರು ತಿಂಗಳು; ಶುರುವಾಗಲು ಹಿಡಿಯುವ ಕೆಲವು ವಾರಗಳು ಬೇರೆ. ನಿಮ್ಮ ತಮ್ಮನಿಗೆ ಎಂಟನೇ ತಿಂಗಳಲ್ಲಿ ತುದಿ ತಿಳಿಯುತ್ತಿದೆ ಎಂದರೆ ಲೆಕ್ಕ ಸರಿಯಾಗಿದೆ.

ತಪ್ಪುವುದು ಎಲ್ಲಿ ಎಂದರೆ, ಮೊದಲು ನಡುಬೆರಳಿಗೆ ಸೇರಿದ್ದ ಎಳೆ ಈಗ ತೋರುಬೆರಳಿಗೆ ಹೋಗುವ ಕೊಳವೆ ಹೊಕ್ಕಿರುತ್ತದೆ. ಅದಕ್ಕೆ ತಾನು ದಾರಿ ತಪ್ಪಿದ್ದು ಗೊತ್ತಿಲ್ಲ. ಮಿದುಳಿಗೂ ಗೊತ್ತಿಲ್ಲ. ಆ ಎಳೆಯಲ್ಲಿ ಸುದ್ದಿ ಬಂದರೆ ಮಿದುಳು ಹಳೆಯ ರೂಢಿಯಂತೆ "ನಡುಬೆರಳು" ಎನ್ನುತ್ತದೆ. ಇದು ಶಸ್ತ್ರವೈದ್ಯರ ತಪ್ಪಲ್ಲ ಎಂದು ಅಮ್ಮನಿಗೆ ಧೈರ್ಯವಾಗಿ ಹೇಳಿ.

ವ್ಯತ್ಯಾಸ ಇಷ್ಟೆ: ಕೇಬಲ್ ತಪ್ಪಿದರೆ ನೀವು ಮತ್ತೆ ಹೊಂಡಕ್ಕೆ ಇಳಿದು ತಂತಿ ಬದಲಾಯಿಸುತ್ತೀರಿ. ಇಲ್ಲಿ ತಂತಿ ಮುಟ್ಟುವಂತಿಲ್ಲ. ಟೆಲಿಫೋನ್ ವಿನಿಮಯ ಕೇಂದ್ರದಲ್ಲಿ ಹೆಸರು ಬದಲಾಯಿಸಿಕೊಳ್ಳಬೇಕು. ಆ ಕೇಂದ್ರ ಮಿದುಳು.

ಕೇಬಲ್ ಜಾಯಿಂಟರ್

ಅರ್ಥವಾಯಿತು ಮೇಡಂ. ಡೈರೆಕ್ಟರಿಯನ್ನೇ ತಿದ್ದಿದ ಹಾಗೆ.

ನರಪಾಠ

ನರವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಮೇಡಂ ಹೇಳಿದ್ದಕ್ಕೆ ಒಂದು ಗಟ್ಟಿ ಸಾಕ್ಷಿ ಸೇರಿಸುತ್ತೇನೆ. ನರ ಜಜ್ಜಿದರೂ ಕೊಳವೆ ಒಡೆಯದೆ ಉಳಿದರೆ, ಎಳೆಗಳು ತಮ್ಮ ಹಳೆಯ ದಾರಿಯಲ್ಲೇ ಬೆಳೆದು ಹಳೆಯ ಜಾಗವನ್ನೇ ಸೇರುತ್ತವೆ. ಅಂಥ ಪ್ರಾಣಿಗಳ ಮಿದುಳಿನಲ್ಲಿ ಕೈಯ ನಕ್ಷೆ ಮೊದಲಿನಂತೆಯೇ ಮರಳುತ್ತದೆ. ನರವನ್ನು ಕತ್ತರಿಸಿ ಹೊಲಿದರೆ ಹಾಗಾಗುವುದಿಲ್ಲ. 1980ರ ದಶಕದಲ್ಲಿ ಕೋತಿಗಳ ಮೀಡಿಯನ್ ನರ ಕತ್ತರಿಸಿ ಹೊಲಿದು ನೋಡಿದಾಗ, ಮಿದುಳಿನ ನಕ್ಷೆಯಲ್ಲಿ ಬೆರಳುಗಳು ಸಾಲಾಗಿ ನಿಲ್ಲದೆ ತೇಪೆ ತೇಪೆಯಾಗಿ ಚದುರಿದ್ದವು. ಒಂದೇ ಬೆರಳು ಎರಡು ಮೂರು ಕಡೆ. ಹೆಬ್ಬೆರಳು ಮುಟ್ಟಿದರೆ ಅಂಗೈಯಲ್ಲೂ ತಿಳಿಯುತ್ತದೆ ಎಂದು ನಿಮ್ಮ ತಮ್ಮ ಹೇಳುತ್ತಿರುವುದು ಇದನ್ನು ನೆನಪಿಸುತ್ತದೆ.

ನಕ್ಷೆ ಎಂದರೆ ಬರಿಯ ಹೋಲಿಕೆಯಲ್ಲ. ಮಾಂಟ್ರಿಯಲ್‌ನಲ್ಲಿ ಮಿದುಳಿನ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಎಚ್ಚರದಲ್ಲಿದ್ದ ರೋಗಿಗಳ ಮಿದುಳಿನ ಹೊರಪದರಕ್ಕೆ ಸಣ್ಣ ವಿದ್ಯುತ್ ತಾಗಿಸಿ, ಯಾವ ಜಾಗ ಮುಟ್ಟಿದರೆ ದೇಹದ ಯಾವ ಭಾಗ ಜುಮ್ಮೆನ್ನುತ್ತದೆ ಎಂದು ಕೇಳಿ ಗುರುತು ಮಾಡಿಕೊಂಡಿದ್ದರು. ಆ ನಕ್ಷೆಯಲ್ಲಿ ಕೈಗೆ ಬೆನ್ನಿಗಿಂತ ಎಷ್ಟೋ ಪಾಲು ದೊಡ್ಡ ಜಾಗ. ಕೈಯ ಪಕ್ಕದ ಮನೆ ಮುಖ.

ಎರಡನೇ ಅಭಿಪ್ರಾಯ

ಎಲ್ಲದಕ್ಕೂ ಮಿದುಳನ್ನು ಮುಂದೆ ಮಾಡುವುದು ನನಗೆ ಒಪ್ಪಿಗೆಯಿಲ್ಲ. ನನ್ನ ಭಾವನ ಬೆರಳು ಜೋಡಿಸಿದಾಗಲೂ ಒಂದು ವರ್ಷ "ಸಮಯ ಬೇಕು" ಎಂದೇ ಹೇಳುತ್ತಿದ್ದರು. ಕೊನೆಗೆ ಬೇರೆ ಕಡೆ ತೋರಿಸಿದರೆ ನರದ ತುದಿಯಲ್ಲಿ ಗಂಟು ಬೆಳೆದಿತ್ತು. ಆ ಗಂಟನ್ನು ತೆಗೆದ ಮೇಲೆಯೇ ನೋವು ಹೋಯಿತು. ಎಂಟು ತಿಂಗಳಾದರೂ ಅರ್ಧ ಮುಷ್ಟಿ ಎಂದರೆ ಇನ್ನೊಬ್ಬ ವೈದ್ಯರಿಗೆ ತೋರಿಸಲೇಬೇಕು. ಇಲ್ಲಿ ಕುಳಿತು ಕೋತಿಯ ಕಥೆ ಹೇಳುವುದರಿಂದ ಏನು ಪ್ರಯೋಜನ?

ನರಪಾಠ

ಅವರು ಕೇಳಿದ್ದೇ ಮಿದುಳು ಏನು ಕಲಿಯಬೇಕು ಎಂದು. ಅದಕ್ಕೆ ಉತ್ತರ ಕೊಟ್ಟೆ.

ಕೈಚಿಕಿತ್ಸಕಿ ಮೈಸೂರು

ಇಬ್ಬರೂ ಸ್ವಲ್ಪ ತಾಳಿ. ಎರಡನೇ ಅಭಿಪ್ರಾಯದವರ ಮಾತಿನಲ್ಲಿ ಅರ್ಧ ನಿಜವಿದೆ. ಮುಷ್ಟಿ ಪೂರ್ತಿ ಕಟ್ಟದಿರುವುದಕ್ಕೆ ಸ್ನಾಯುರಜ್ಜುಗಳು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳು) ಸುತ್ತಲಿನ ಗಾಯದ ಕಲೆಗೆ ಅಂಟಿಕೊಂಡಿರುವುದು ಕಾರಣವಿರಬಹುದು. ಅದು ಮಿದುಳಿನ ವಿಷಯವಲ್ಲ. ಕೆಲವರಿಗೆ ಬಿಡಿಸುವ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಗಾಯದ ಜಾಗವನ್ನು ಮುಟ್ಟಿದರೆ ಶಾಕ್ ಹೊಡೆದಂತೆ ಸಹಿಸಲಾಗದ ನೋವು ಬಂದರೆ ಗಂಟು ಇದೆಯೇ ಎಂದು ನೋಡಬೇಕು. ಆದರೆ ಒಂದು ಬೆರಳು ಮುಟ್ಟಿದರೆ ಇನ್ನೊಂದು ಎನ್ನುವುದು ಗಂಟಿನ ಲಕ್ಷಣವಲ್ಲ. ಎರಡನ್ನೂ ಒಂದೇ ಗಂಟಿಗೆ ಕಟ್ಟಬಾರದು.

ಅಕ್ಕ, ಒಂದು ಮಾತು ಕೇಳಬೇಕಿತ್ತು. ಮಣಿಕಟ್ಟಿನಿಂದ ಬೆರಳಿನ ಕಡೆಗೆ ನರದ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿದಾಗ ಒಂದು ಜಾಗದಲ್ಲಿ ಜುಮ್ಮೆನ್ನುತ್ತದೆಯೇ? ಆ ಜಾಗ ತಿಂಗಳು ತಿಂಗಳಿಗೆ ಮುಂದೆ ಸರಿಯುತ್ತಿದೆಯೇ?

ಹೇಮಾವತಿ ತೀರ

ಹೌದು ಮೇಡಂ! ಅಲ್ಲಿನ ಫಿಸಿಯೋಥೆರಪಿಯವರು ಪ್ರತಿ ಸಲವೂ ಪೆನ್ನಿನಿಂದ ಗುರುತು ಹಾಕುತ್ತಿದ್ದರು. ಮೊದಲು ಮಣಿಕಟ್ಟಿನ ಮಡಿಕೆಯಲ್ಲಿತ್ತು, ಯುಗಾದಿಯ ಹೊತ್ತಿಗೆ ಅಂಗೈ ನಡುವಿಗೆ ಬಂದಿತ್ತು. ಅದು ಏಕೆ ಎಂದು ಯಾರೂ ಹೇಳಿರಲಿಲ್ಲ. ನಾವು ನೋವಿನ ಜಾಗ ಗುರುತಿಸುತ್ತಿದ್ದಾರೆ ಎಂದುಕೊಂಡಿದ್ದೆವು.

ಕೈಚಿಕಿತ್ಸಕಿ ಮೈಸೂರು

ಅದೇ ಬೆಳೆಯುತ್ತಿರುವ ಎಳೆಗಳ ಮುಂದಿನ ತುದಿ. ನಿಮ್ಮ ಕಣ್ಣೆದುರಿಗೇ ನರ ನಡೆದುಕೊಂಡು ಬಂದಿದೆ.

ಶಿರಸಿ ಓದುಗ

ಬೇರೆಯವರ ಕೈಯ ಕುರಿತು ಕೇಳಿದ್ದೀರಿ. ನಾನು ಈ ವಿಷಯವನ್ನು ವರ್ಷಗಳಿಂದ ಆಸಕ್ತಿಯಿಂದ ಓದಿಕೊಂಡು ಬಂದವನು.

ಬೇರೆಯವರ ಅಂಗವನ್ನು ದೇಹ ತಿರಸ್ಕರಿಸದಂತೆ ತಡೆಯುವ ಆಧುನಿಕ ಔಷಧಗಳ ಕಾಲದ ಮೊದಲ ಕೈ ಕಸಿ 1998ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ನಡೆಯಿತು. ಪಡೆದವರು ನ್ಯೂಜಿಲೆಂಡಿನ ಕ್ಲಿಂಟ್ ಹ್ಯಾಲಮ್. ಶಸ್ತ್ರಚಿಕಿತ್ಸೆ ಗೆದ್ದಿತು, ಮನಸ್ಸು ಗೆಲ್ಲಲಿಲ್ಲ. ಅವರು ಔಷಧಗಳನ್ನು ಸರಿಯಾಗಿ ತೆಗೆದುಕೊಳ್ಳಲಿಲ್ಲ. ಆ ಕೈಯಿಂದ ತಾನು ಮಾನಸಿಕವಾಗಿ ದೂರವಾಗಿದ್ದೇನೆ ಎಂದರು. 2001ರಲ್ಲಿ ಲಂಡನ್‌ನಲ್ಲಿ ತಾವೇ ಕೇಳಿಕೊಂಡು ಅದನ್ನು ತೆಗೆಸಿಕೊಂಡರು. ಹ್ಯಾಲಮ್ ಅವರ ಕಸಿಯಾದ ಮರುವರ್ಷವೇ, ಅಂದರೆ 1999ರ ಜನವರಿಯಲ್ಲಿ, ಅಮೆರಿಕದ ಲೂಯಿವಿಲ್‌ನಲ್ಲಿ ಮ್ಯಾಥ್ಯೂ ಸ್ಕಾಟ್ ಪಡೆದ ಕೈ ಮಾತ್ರ ದಶಕಗಳ ಕಾಲ ಬಾಳಿತು.

2000ದ ಜನವರಿಯಲ್ಲಿ ಲಿಯೋನ್‌ನಲ್ಲಿಯೇ ಡೆನಿಸ್ ಶಾಟೆಲಿಯೆ ಅವರಿಗೆ ಎರಡೂ ಕೈ ಕಸಿ ಮಾಡಿದರು. ಅವರ ಮಿದುಳನ್ನು ಶಸ್ತ್ರಚಿಕಿತ್ಸೆಗೆ ಮೊದಲೂ ನಂತರವೂ ಎಂಆರ್‌ಐ ಯಂತ್ರದಲ್ಲಿ ನೋಡಿದ್ದರು. ಮೊದಲು ಇಲ್ಲದ ಕೈಯನ್ನು ಆಡಿಸಲು ಯತ್ನಿಸಿದಾಗ ಚಟುವಟಿಕೆ ಮಾಮೂಲಿ ಜಾಗದಿಂದ ಸರಿದು ಮುಖದ ಕಡೆ ಕಾಣಿಸುತ್ತಿತ್ತು. ಕಸಿಯಾದ ಮೇಲೆ ತಿಂಗಳುಗಳಲ್ಲಿ ಅದು ಹಿಂದಿನ ಕೈ ಜಾಗಕ್ಕೆ ಮರಳಿತು. ಏಂಜೆಲಾ ಸಿರಿಗು ಮತ್ತು ಜೊತೆಗಾರರು 2001ರಲ್ಲಿ ಇದನ್ನು ಪ್ರಕಟಿಸಿದರು. ನನಗೆ ಇದನ್ನು ಓದಿದಾಗ ಮೈ ಜುಮ್ಮೆಂದಿತ್ತು. ಬಾಡಿಗೆಗೆ ಕೊಟ್ಟ ಮನೆಗೆ ಒಡೆಯ ಮರಳಿ ಬಂದ ಹಾಗೆ.

ಮಲೆನಾಡ ಮಳೆ

ಹಾಗಾದರೆ ಕೈ ಹೋದ ಕೂಡಲೇ ಮುಖವು ಕೈಯ ಜಾಗವನ್ನು ಆಕ್ರಮಿಸುತ್ತದೆ. ನರವಿಜ್ಞಾನಿ ರಾಮಚಂದ್ರನ್ ಅವರ ಪ್ರಯೋಗವೂ ಇದನ್ನೇ ಹೇಳುತ್ತದೆ. ಕೈ ಕಳೆದುಕೊಂಡವನ ಕೆನ್ನೆಯನ್ನು ಹತ್ತಿಯಿಂದ ಮುಟ್ಟಿದರೆ ಇಲ್ಲದ ಹೆಬ್ಬೆರಳು ತಿಳಿಯುತ್ತಿತ್ತು. ಅಕ್ಕ, ನಿಮ್ಮ ತಮ್ಮನ ಕೆನ್ನೆ ಮುಟ್ಟಿ ನೋಡಿ.

ನರಪಾಠ

ಅಷ್ಟು ಸರಳವಲ್ಲ. ದಯವಿಟ್ಟು "ಆಕ್ರಮಿಸುತ್ತದೆ" ಎಂದು ತೀರ್ಮಾನಿಸಬೇಡಿ. ನರವಿಜ್ಞಾನಿ ತಮಾರ್ ಮಾಕಿನ್ ಮತ್ತು ಸಂಗಡಿಗರು ಎಷ್ಟೋ ವರ್ಷಗಳಿಂದ ಇದನ್ನು ಪ್ರಶ್ನಿಸುತ್ತಿದ್ದಾರೆ. 2025ರಲ್ಲಿ ಅವರ ತಂಡ ಮೂವರನ್ನು ಕೈ ತೆಗೆಯುವ ಮೊದಲೇ ಸ್ಕ್ಯಾನ್ ಮಾಡಿ, ತೆಗೆದ ನಂತರವೂ ವರ್ಷಗಳ ಕಾಲ ಮತ್ತೆ ಮತ್ತೆ ನೋಡಿ ವರದಿ ಮಾಡಿತು. ಕೈ ಹೋದ ಮೇಲೂ ಇಲ್ಲದ ಬೆರಳುಗಳನ್ನು ಆಡಿಸಲು ಹೇಳಿದರೆ ಹಳೆಯ ನಕ್ಷೆ ಹೆಚ್ಚು ಕಡಿಮೆ ಹಾಗೆಯೇ ಕಾಣಿಸಿತು. ತುಟಿಯ ಜಾಗ ಬಂದು ಕೈಯನ್ನು ನುಂಗಿರಲಿಲ್ಲ.

ಮಲೆನಾಡ ಮಳೆ

ಮೂರೇ ಜನ! ಅದನ್ನು ಹಿಡಿದುಕೊಂಡು ಹಿಂದಿನದನ್ನೆಲ್ಲ ಸುಳ್ಳೆನ್ನುವುದೇ? 1991ರಲ್ಲಿ ಪೊನ್ಸ್ ಮತ್ತು ಇತರರು ಹನ್ನೆರಡು ವರ್ಷಗಳ ಹಿಂದೆ ಕೈಯ ಸಂವೇದನಾ ನರಗಳನ್ನು ಕತ್ತರಿಸಿದ್ದ ಕೋತಿಗಳ ಮಿದುಳಿನಲ್ಲಿ ಕೈಯ ಜಾಗ ಮುಖಕ್ಕೆ ಪ್ರತಿಕ್ರಿಯಿಸುವುದನ್ನು ತೋರಿಸಿದ್ದರಲ್ಲ? ಅದಕ್ಕೇನು ಹೇಳುತ್ತೀರಿ?

ನರಪಾಠ

ಸುಳ್ಳು ಎಂದು ನಾನು ಹೇಳಿಲ್ಲ. ಮುಖದ ಸುದ್ದಿ ಕೈಯ ಜಾಗಕ್ಕೆ ತಲುಪುವುದು ಒಂದು, ಕೈಯ ನಕ್ಷೆ ಅಳಿಸಿಹೋಗುವುದು ಇನ್ನೊಂದು. ಪಕ್ಕದ ಮನೆಯ ರೇಡಿಯೋ ನಮ್ಮ ಮನೆಗೆ ಕೇಳಿಸುತ್ತದೆ. ಹಾಗೆಂದು ನಮ್ಮ ಮನೆ ಅವರದ್ದಾಗುವುದಿಲ್ಲ. ಕಸಿ ಮಾಡಿದವರ ಅನುಭವ ನೋಡಿದರೆ ನನಗೆ ಇದೇ ಸರಿ ಎನಿಸುತ್ತದೆ. ಲೂಯಿವಿಲ್‌ನಲ್ಲಿ ಒಬ್ಬರು ಕೈ ಕಳೆದುಕೊಂಡು 35 ವರ್ಷಗಳ ನಂತರ ಕಸಿ ಮಾಡಿಸಿಕೊಂಡರು. ನಾಲ್ಕೇ ತಿಂಗಳಿಗೆ ಅಂಗೈ ಮುಟ್ಟಿದರೆ ಮಿದುಳಿನ ಹಳೆಯ ಕೈ ಜಾಗ ಪ್ರತಿಕ್ರಿಯಿಸಿತು. ಸ್ಕಾಟ್ ಫ್ರೇ ಅವರ ತಂಡ 2008ರಲ್ಲಿ ಬರೆದದ್ದು. 35 ವರ್ಷ ಖಾಲಿ ಬಿದ್ದ ಜಾಗ ನಿಜವಾಗಿಯೂ ಬೇರೆಯವರ ಪಾಲಾಗಿದ್ದರೆ ಇಷ್ಟು ಬೇಗ ಮರಳಿ ಸಿಗುತ್ತಿತ್ತೇ?

ಮಲೆನಾಡ ಮಳೆ

ಮಕ್ಕಳಲ್ಲಿ? ಫಿಲಡೆಲ್ಫಿಯಾದಲ್ಲಿ 2015ರಲ್ಲಿ ಎಂಟು ವರ್ಷದ ಹುಡುಗನಿಗೆ ಎರಡೂ ಕೈ ಕಸಿ ಮಾಡಿದರಲ್ಲ. ಎರಡನೇ ವಯಸ್ಸಿನಲ್ಲೇ ಸೋಂಕಿನಿಂದ ಕೈಗಳನ್ನು ಕಳೆದುಕೊಂಡಿದ್ದ ಮಗು. ಶುರುವಿನ ಪರೀಕ್ಷೆಗಳಲ್ಲಿ ತುಟಿ ಮುಟ್ಟಿದರೆ ಕೈಯ ಜಾಗದಲ್ಲಿ ಪ್ರತಿಕ್ರಿಯೆ ಬರುತ್ತಿತ್ತು. ಬೆರಳಿನ ಸ್ಪರ್ಶ ಮರಳಿದ ಹಾಗೆ ತುಟಿ ತನ್ನ ಜಾಗಕ್ಕೆ ಹಿಂದೆ ಸರಿಯಿತು. ಅಲ್ಲಿ ಆಕ್ರಮಣ ಆಗಿತ್ತಲ್ಲ?

ನರಪಾಠ

ಅಲ್ಲಿ ಕೈ ಹೋದದ್ದು ಎರಡನೇ ವಯಸ್ಸಿನಲ್ಲಿ. ಮಗುವಿನ ಮಿದುಳಿನಲ್ಲಿ ಬದಲಾವಣೆ ಹೆಚ್ಚು ಎನ್ನುವುದನ್ನು ಒಪ್ಪುತ್ತೇನೆ. ದೊಡ್ಡವರ ವಿಷಯಕ್ಕೆ ನನ್ನ ಮಾತು.

ಹೇಮಾವತಿ ತೀರ

ಕೆನ್ನೆ ಮುಟ್ಟಿ ನೋಡಿದೆ. ಕೈಯಲ್ಲಿ ಏನೂ ತಿಳಿಯಲಿಲ್ಲವಂತೆ. "ಗಡ್ಡ ಮಾಡಿಕೊಂಡಿಲ್ಲ ಅಕ್ಕ" ಎಂದು ನಕ್ಕ. ಎಷ್ಟೋ ದಿನದ ಮೇಲೆ ನಕ್ಕದ್ದು.

ಮರಗೆಲಸ ಸೊರಬ

ನನ್ನ ಅನುಭವ ಬರೆಯುತ್ತೇನೆ. 11 ವರ್ಷಗಳ ಹಿಂದೆ ಸುತ್ತುಗರಗಸಕ್ಕೆ ಎಡಗೈಯ ಮೂರು ಬೆರಳು ಹೋದವು. ಎರಡನ್ನು ಜೋಡಿಸಿದರು, ಕಿರುಬೆರಳು ಉಳಿಯಲಿಲ್ಲ.

ಮೊದಲ ಒಂದು ವರ್ಷ ಆ ಬೆರಳುಗಳು ನನ್ನವು ಎನಿಸುತ್ತಲೇ ಇರಲಿಲ್ಲ. ಹಲಗೆಯ ಮೇಲೆ ಕೈಯಾಡಿಸಿದರೆ ನಯವೋ ಒರಟೋ ತಿಳಿಯುತ್ತಿರಲಿಲ್ಲ, ಬರಿಯ ಇರುವೆ ಹರಿದಂತೆ. ಉಜ್ಜುಹಾಳೆಯನ್ನೂ ಗಾಜಿನ ಹಾಳೆಯನ್ನೂ ಮುಟ್ಟಿದರೆ ಒಂದೇ ಇರುವೆ. ನನ್ನ ಹೆಂಡತಿ ಒಂದು ಉಪಾಯ ಮಾಡಿದಳು. ಮರದ ಪುಟ್ಟ ತುಂಡುಗಳನ್ನು ತೇಗ, ಹೊನ್ನೆ, ಹಲಸು, ಪ್ಲೈವುಡ್ ಎಂದು ಆರಿಸಿ ಚೀಲದಲ್ಲಿ ಹಾಕಿದಳು. ದಿನಾ ಸಂಜೆ ಚೀಲದೊಳಗೆ ಕೈ ಹಾಕಿ, ನೋಡದೆ, ಯಾವುದೆಂದು ಹೇಳಬೇಕು. ತಪ್ಪಾದರೆ ಹೊರಗೆ ತೆಗೆದು ಕಣ್ಣಿನಿಂದ ನೋಡಿ ಮತ್ತೆ ಮುಟ್ಟಬೇಕು. ಮೊದಲ ತಿಂಗಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕುರುಡನಂತೆ ತಡಕಿದೆ. ಆರನೇ ತಿಂಗಳಿಗೆ ಹಲಸಿನ ತುಂಡನ್ನು ಹಿಡಿದ ಕೂಡಲೇ ಹಲಸು ಎಂದೆ. ಅದು ಹೇಗೆ ತಿಳಿಯಿತೆಂದು ಇಂದಿಗೂ ಹೇಳಲಾರೆ. ಹಿಂದೆ ತಿಳಿಯುತ್ತಿದ್ದ ಹಾಗಲ್ಲ ಅದು. ಬೇರೆಯದೇ ಒಂದು ಗುರುತು. ಆದರೆ ಆ ಗುರುತಿಗೆ ಹಲಸು ಎಂಬ ಹೆಸರು ಅಂಟಿಕೊಂಡಿತು.

ಈಗಲೂ ಮಾರ್ಗಶಿರದ ಚಳಿಯಲ್ಲಿ ಆ ಎರಡು ಬೆರಳು ಬಿಳಿಚಿ ನೋಯುತ್ತವೆ. ಉಣ್ಣೆಯ ಬೆರಳುಚೀಲ ಹಾಕಿಕೊಂಡೇ ಕೆಲಸ ಮಾಡುತ್ತೇನೆ. ತಮ್ಮನಿಗೆ ಹೇಳಿ, ಇನ್ನೂ ಬಹಳ ಬರುವುದಿದೆ.

ಕೈಚಿಕಿತ್ಸಕಿ ಮೈಸೂರು

ಮರಗೆಲಸ ಸರ್, ನಿಮ್ಮ ಹೆಂಡತಿ ಮಾಡಿಸಿದ್ದು ಪಾಠಪುಸ್ತಕದ ಚಿಕಿತ್ಸೆಯೇ. ಸ್ವೀಡನ್ನಿನ ಮಾಲ್ಮೋದಲ್ಲಿ ಗೋರಾನ್ ಲುಂಡ್‌ಬೋರ್ಗ್ ಮತ್ತು ಬಿರ್ಗಿಟ್ಟಾ ರೋಸೆನ್ ಇದಕ್ಕಾಗಿಯೇ ದಶಕಗಳ ಕಾಲ ದುಡಿದವರು. ನರ ಹೊಲಿದ ನಂತರ ಕೈ ಮಿದುಳಿನೊಡನೆ ಹೊಸ ಭಾಷೆಯಲ್ಲಿ ಮಾತನಾಡುತ್ತದೆ ಎನ್ನುವುದು ಅವರ ವಿಚಾರ. ಭಾಷೆಯಂತೆಯೇ ಇಲ್ಲಿಯೂ ಮಕ್ಕಳು ಬೇಗ ಕಲಿಯುತ್ತಾರೆ. ಹತ್ತು ವರ್ಷದ ಒಳಗಿನವರಲ್ಲಿ ಸ್ಪರ್ಶ ಚೆನ್ನಾಗಿ ಮರಳುತ್ತದೆ, ದೊಡ್ಡವರಿಗೆ ಅಷ್ಟಿಲ್ಲ. ನರ ಬೆಳೆಯುವ ವೇಗಕ್ಕಿಂತ ಮಿದುಳು ಕಲಿಯುವ ಬಗೆಯೇ ಇದಕ್ಕೆ ದೊಡ್ಡ ಕಾರಣ ಎಂದು ಅವರು ವಾದಿಸಿದರು.

ಅವರು ಇನ್ನೊಂದು ಕುತೂಹಲದ ಕೆಲಸ ಮಾಡಿದರು. ಮುಂಗೈಗೆ ಮರಗಟ್ಟಿಸುವ ಮುಲಾಮು ಹಚ್ಚಿದರು. ಮುಂಗೈಯ ಸುದ್ದಿ ನಿಂತ ಸ್ವಲ್ಪ ಹೊತ್ತಿಗೆ ಬೆರಳುಗಳ ಸ್ಪರ್ಶ ಚುರುಕಾಯಿತು. ಪಕ್ಕದವನು ಸುಮ್ಮನಾದಾಗ ಕೈಗೆ ಹೆಚ್ಚು ಜಾಗ ಸಿಕ್ಕಿತು ಎಂದು ಅದನ್ನು ವಿವರಿಸಿದರು. ಅಕ್ಕ, ಇದನ್ನು ನೀವಾಗಿಯೇ ಮನೆಯಲ್ಲಿ ಮಾಡಬೇಡಿ, ವೈದ್ಯರ ಕಣ್ಣಳತೆಯಲ್ಲಿ ಆಗಬೇಕಾದದ್ದು.

ರೇಷನ್ ಸಾಲು

ವಿಷಯ ಬದಲಾಯಿಸುತ್ತಿದ್ದೇನೆ, ಕ್ಷಮಿಸಿ. ನಮ್ಮೂರಿನ ಒಬ್ಬರ ಹೆಬ್ಬೆರಳು ಜೋಡಿಸಿದ ಮೇಲೆ ನ್ಯಾಯಬೆಲೆ ಅಂಗಡಿಯ ಯಂತ್ರ ಅವರ ಬೆರಳಚ್ಚನ್ನು ಹಿಡಿಯುತ್ತಲೇ ಇರಲಿಲ್ಲ. ಅವರದ್ದೇ ಬೆರಳು, ಅವೇ ಗೆರೆಗಳು. ಏಕೆ?

ಕೈಚಿಕಿತ್ಸಕಿ ಮೈಸೂರು

ವಿಷಯ ಬದಲಾಗಲಿಲ್ಲ, ಇದೂ ನರದ್ದೇ ಕಥೆ. ಬೆವರಿಸುವುದೂ ನರ. ನರ ಮರಳುವವರೆಗೆ ಆ ಬೆರಳು ಬೆವರುವುದಿಲ್ಲ. ಚರ್ಮ ಒಣಗಿ ನುಣುಪಾಗುತ್ತದೆ, ಯಂತ್ರಕ್ಕೆ ಗೆರೆ ಸರಿಯಾಗಿ ಹತ್ತುವುದಿಲ್ಲ. ಇದರಿಂದಲೇ ಒಂದು ಮನೆಪರೀಕ್ಷೆಯೂ ಇದೆ. ಬೆಚ್ಚನೆಯ ನೀರಿನಲ್ಲಿ ಅರ್ಧ ಗಂಟೆ ಬೆರಳು ಅದ್ದಿದರೆ ನಮ್ಮೆಲ್ಲರ ಬೆರಳ ತುದಿ ಸುಕ್ಕುಗಟ್ಟುತ್ತದೆ. ನರ ಕಡಿದ ಬೆರಳು ಸುಕ್ಕಾಗುವುದಿಲ್ಲ, ಹೊಳೆಯುತ್ತಲೇ ಇರುತ್ತದೆ. ನೀರು ನೆನೆದು ಆಗುವುದಲ್ಲ ಅದು, ನರ ಮಾಡಿಸುವುದು.

ಹೇಮಾವತಿ ತೀರ

ನಿಜ ಮೇಡಂ. ಸ್ನಾನ ಮಾಡಿ ಬಂದರೆ ಎಡಗೈ ಬೆರಳು ಸುಕ್ಕಾಗಿರುತ್ತವೆ, ಬಲಗೈಯದು ಮಗುವಿನ ಬೆರಳಿನಂತೆ ನುಣ್ಣಗಿರುತ್ತವೆ. ಅಮ್ಮ ಅದನ್ನು ನೋಡಿ "ಚರ್ಮ ಚೆನ್ನಾಗಿ ಬಂದಿದೆ" ಎಂದು ಸಮಾಧಾನ ಪಟ್ಟುಕೊಳ್ಳುತ್ತಿದ್ದಳು.

ಗೋರಂಟಿ

ಕರ್ನಾಟಕದವರಲ್ಲೂ ಕೈ ಕಸಿಯಾದವರಿದ್ದಾರೆ ಎಂದು ನೆನಪು.

ಶಿರಸಿ ಓದುಗ

ಇದ್ದಾರೆ. ಭಾರತದ ಮೊದಲ ಎರಡೂ ಕೈಗಳ ಕಸಿ 2015ರ ಜನವರಿಯಲ್ಲಿ ಕೊಚ್ಚಿಯ ಅಮೃತಾ ಆಸ್ಪತ್ರೆಯಲ್ಲಿ ಡಾ. ಸುಬ್ರಹ್ಮಣ್ಯ ಅಯ್ಯರ್ ಅವರ ತಂಡದಿಂದ ಆಯಿತು. 2017ರಲ್ಲಿ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ವಿದ್ಯಾರ್ಥಿನಿಗೆ, ಬಸ್ ಅಪಘಾತದಲ್ಲಿ ಕೈ ಕಳೆದುಕೊಂಡಿದ್ದವಳಿಗೆ, ಕೊಚ್ಚಿಯ ಅದೇ ಆಸ್ಪತ್ರೆಯಲ್ಲಿ ಒಬ್ಬ ಯುವಕನ ಕೈಗಳನ್ನು ಕಸಿ ಮಾಡಿದರು. ಕ್ರಮೇಣ ಆ ಕೈಗಳ ಬಣ್ಣ ಅವಳ ಮೈಬಣ್ಣಕ್ಕೆ ಹತ್ತಿರವಾಯಿತು, ಬೆರಳುಗಳೂ ತೆಳ್ಳಗಾದವು ಎಂದು ಪತ್ರಿಕೆಗಳಲ್ಲಿ ಬಂತು. ಆಕೆ ಪರೀಕ್ಷೆಯನ್ನು ಸ್ವಂತ ಕೈಯಲ್ಲಿ ಬರೆದಳು. ವಿದ್ಯುತ್ ಆಘಾತದಲ್ಲಿ ಎರಡೂ ತೋಳು ಕಳೆದುಕೊಂಡ ನಮ್ಮ ರಾಜ್ಯದ ಲೈನ್‌ಮನ್ ಒಬ್ಬರಿಗೆ 2022ರಲ್ಲಿ ಭುಜದ ಮಟ್ಟದಲ್ಲೇ ಕಸಿಯಾಯಿತು. ಭುಜದಿಂದ ಬೆರಳಿಗೆ ನರ ಬೆಳೆಯಬೇಕಾದ ದೂರವನ್ನು ಲೆಕ್ಕ ಹಾಕಿ ನೋಡಿ.

ಎರಡನೇ ಅಭಿಪ್ರಾಯ

ಕಸಿ ಮಾಡಿಸಿಕೊಂಡವರು ಜೀವನವಿಡೀ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ತೆಗೆದುಕೊಳ್ಳಬೇಕು ಎಂಬುದನ್ನೂ ಬರೆಯಿರಿ. ಸೋಂಕು, ಮೂತ್ರಪಿಂಡದ ತೊಂದರೆ ಎಲ್ಲ ಬರುತ್ತವೆ. ತಮ್ಮನ ಕೈಗೆ ಅದು ಬೇಕಿಲ್ಲ. ಅದು ದೊಡ್ಡ ಪುಣ್ಯ.

ನರಪಾಠ

ಸರಿಯಾದ ಮಾತು. ಒಂದು ಸಂಗತಿ ಮಾತ್ರ ಸೇರಿಸುತ್ತೇನೆ: ಆ ಔಷಧಗಳಲ್ಲಿ ಒಂದಾದ ಟ್ಯಾಕ್ರೋಲಿಮಸ್ ನರದ ಬೆಳವಣಿಗೆಯನ್ನು ತ್ವರೆಗೊಳಿಸುತ್ತದೆ ಎಂದು ಪ್ರಾಣಿಗಳಲ್ಲಿ ಕಂಡಿದೆ. ಕಸಿಯಾದ ಕೈಗಳಿಗೆ ಸ್ಪರ್ಶ ನಿರೀಕ್ಷೆಗಿಂತ ಬೇಗ ಮರಳುವುದಕ್ಕೆ ಇದೂ ಒಂದು ಕಾರಣವಿರಬಹುದು.

ಹಸಿರು ಬಳೆ

ಇದನ್ನು ಓದುತ್ತಿರುವ ರೈತರ ಮನೆಯವರಿಗೆ ಒಂದು ಮಾತು. ನಾನು ಶುಶ್ರೂಷಕಿ. ತುಂಡಾದ ಕೈ ಅಥವಾ ಬೆರಳನ್ನು ನೇರವಾಗಿ ಐಸ್ ಮೇಲೆ ಇಡಬೇಡಿ, ನೀರಿನಲ್ಲಿ ಮುಳುಗಿಸಬೇಡಿ. ಶುದ್ಧ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸ್ ಬೆರೆಸಿದ ನೀರಿನಲ್ಲಿ ಇಡಿ. ಮಣಿಕಟ್ಟಿನ ಮಟ್ಟದಲ್ಲಿ ಸ್ನಾಯುಗಳಿರುತ್ತವೆ. ತಣ್ಣಗಿಡದಿದ್ದರೆ ಆರು ಗಂಟೆಯೊಳಗೆ ರಕ್ತ ಹರಿಸಲೇಬೇಕು. ಬೆರಳಾದರೆ ಸ್ವಲ್ಪ ಹೆಚ್ಚು ಸಮಯ ಸಿಗುತ್ತದೆ.

ಹೇಮಾವತಿ ತೀರ

ಮೊದಲು ಹೋದ ಆಸ್ಪತ್ರೆಯಲ್ಲಿ ಕೈಯನ್ನು ಐಸ್ ಗಡ್ಡೆಯ ಮೇಲೆಯೇ ಇಟ್ಟಿದ್ದರು. ನಮ್ಮ ಜೊತೆ ಬಂದಿದ್ದ ಡೈರಿಯ ಹುಡುಗ ಅದನ್ನು ತೆಗೆದು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದ. ಎಲ್ಲಿಯೋ ವಿಡಿಯೋ ನೋಡಿದ್ದನಂತೆ. ಅವನಿಗೆ ನಾವು ಇನ್ನೂ ಸರಿಯಾಗಿ ಕೃತಜ್ಞತೆ ಹೇಳಿಲ್ಲ ಎನ್ನುವುದು ಈಗ ಬರೆಯುವಾಗ ಹೊಳೆಯಿತು. ನಾಳೆ ಅವನ ಮನೆಗೆ ಹೋಗುತ್ತೇನೆ.

ಮೇಡಂ, ನಾವು ಮನೆಯಲ್ಲಿ ಏನು ಮಾಡಿಸಬಹುದು?

ಕೈಚಿಕಿತ್ಸಕಿ ಮೈಸೂರು

ದಿನಕ್ಕೆ ನಾಲ್ಕೈದು ಸಲ, ಹತ್ತು ಹತ್ತು ನಿಮಿಷ. ಒಮ್ಮೆಲೇ ಒಂದು ಗಂಟೆ ಬೇಡ, ಗಮನ ಸೋರಿಹೋಗುತ್ತದೆ. ಪೆನ್ಸಿಲ್‌ನ ರಬ್ಬರ್ ತುದಿಯಿಂದ ಒಂದು ಬೆರಳನ್ನು ಒತ್ತಿ. ಮೊದಲು ಅವನು ನೋಡಬೇಕು, ಬಾಯಿಬಿಟ್ಟು "ತೋರುಬೆರಳು" ಎಂದು ಹೇಳಬೇಕು. ನಂತರ ಕಣ್ಣು ಮುಚ್ಚಿ ಅದೇ ಜಾಗ, ಮತ್ತೆ ಕಣ್ಣು ತೆರೆದು ಅದೇ ಜಾಗ. ಕಣ್ಣು ಮೇಷ್ಟರು, ಚರ್ಮ ವಿದ್ಯಾರ್ಥಿ. ಎಡಗೈಯ ಅದೇ ಬೆರಳನ್ನೂ ಒತ್ತಿ ಹೋಲಿಸಲಿ. ಅದು ಹತ್ತಕ್ಕೆ ಏಳು ಸಲ ಸರಿಯಾದ ಮೇಲೆ ವಸ್ತುಗಳಿಗೆ ಹೋಗಿ. ರಾಗಿ, ಅವರೆಕಾಳು, ಗುಂಡಿ, ಬೀಗದ ಕೈ, ನಾಣ್ಯ. ರಾಗಿಯ ತಟ್ಟೆಯೊಳಗೆ ಅವರೆಕಾಳು ಬಚ್ಚಿಟ್ಟು ಹುಡುಕಿಸಿ.

ಇದಕ್ಕಿಂತ ಮುಖ್ಯವಾದದ್ದು: ಬಿಸಿಯೂ ನೋವೂ ಇನ್ನೂ ಪೂರ್ತಿ ತಿಳಿಯದ ಕೈ ಅದು. ಬಿಸಿನೀರು, ಒಲೆ, ಬೀಡಿ, ಬೈಕಿನ ಸೈಲೆನ್ಸರ್. ಯಾವಾಗಲೂ ಎಡಗೈಯಿಂದ ಮೊದಲು ಮುಟ್ಟಿ ನೋಡಲಿ. ಮೂರು ಜನ ರೋಗಿಗಳು ಚೆನ್ನಾಗಿ ಜೋಡಿಸಿದ ಬೆರಳನ್ನು ಕಾಫಿ ಲೋಟದಿಂದ ಸುಟ್ಟುಕೊಂಡು ಬಂದದ್ದನ್ನು ನಾನು ಕಂಡಿದ್ದೇನೆ.

ಮರಗೆಲಸ ಸೊರಬ

ನಾನು ಸುಟ್ಟುಕೊಂಡೆ. ಅಂಟು ಕಾಯಿಸುವ ಡಬ್ಬಿ. ಚರ್ಮದ ವಾಸನೆ ಬಂದ ಮೇಲೆ ಗೊತ್ತಾಯಿತು.

ಹೇಮಾವತಿ ತೀರ *(ಏಳು ವಾರಗಳ ನಂತರ)*

ಎಲ್ಲರಿಗೂ ವರದಿ ಒಪ್ಪಿಸಬೇಕೆಂದು ಬಂದೆ. ಇನ್ನೊಬ್ಬ ವೈದ್ಯರಿಗೂ ತೋರಿಸಿದೆವು. ಗಂಟು ಇಲ್ಲ, ನರದ ಹೊಲಿಗೆ ಚೆನ್ನಾಗಿದೆ ಎಂದರು. ಸ್ನಾಯುರಜ್ಜು ಅಂಟಿಕೊಂಡಿದೆ, ಅದನ್ನು ಬಿಡಿಸಲು ದೀಪಾವಳಿ ಕಳೆದ ಮೇಲೆ ಬರಲು ಹೇಳಿದ್ದಾರೆ.

ಒಂದು ನೋಟ್‌ಬುಕ್ಕಿನಲ್ಲಿ ದಿನಾ ಬರೆದಿಡುತ್ತಿದ್ದೇವೆ. ಮೊದಲ ವಾರ ಹತ್ತಕ್ಕೆ ಮೂರು. ಈಗ ಹತ್ತಕ್ಕೆ ಆರು. ಹೆಬ್ಬೆರಳು ಸರಿಯಾಗಿ ಹೇಳುತ್ತಾನೆ. ತೋರುಬೆರಳು ಮತ್ತು ನಡುಬೆರಳು ಇನ್ನೂ ಜಗಳವಾಡುತ್ತಿವೆ. ಆದರೆ ಈಗ ತಪ್ಪಿದಾಗ ಅವನಿಗೇ ಅನುಮಾನ ಬರುತ್ತದೆ. "ನಡುಬೆರಳು ಎನಿಸುತ್ತಿದೆ, ಆದರೆ ತೋರುಬೆರಳೇ ಇರಬೇಕು" ಎನ್ನುತ್ತಾನೆ.

ನಿನ್ನೆ ಸೀಮೆಹಸುವಿನ ಕೆಚ್ಚಲು ತೊಳೆದು ಬಂದು ಕೈ ಚಾಚಿ ನಿಂತ. ಹೆಬ್ಬೆರಳ ತುದಿಯಲ್ಲಿ ಸಣ್ಣಗೆ ಮೂರು ಸುಕ್ಕು. ಅಮ್ಮ ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದಳು.

ಕೈಚಿಕಿತ್ಸಕಿ ಮೈಸೂರು

ಬೆವರಿನ ನರಗಳು ಬಂದಿವೆ ಎಂದು ಅದರ ಅರ್ಥ. ಸ್ಪರ್ಶ ಇಷ್ಟೇ ಬರುತ್ತದೆ ಎಂದು ಅದರಿಂದ ಹೇಳಲಾಗದು, ಆದರೂ ತುಂಬಾ ಸಂತೋಷವಾಯಿತು. ನೋಟ್‌ಬುಕ್ ನಿಲ್ಲಿಸಬೇಡಿ. ರಜ್ಜು ಬಿಡಿಸುವ ಶಸ್ತ್ರಚಿಕಿತ್ಸೆಯ ಮರುದಿನದಿಂದಲೇ ಬೆರಳು ಆಡಿಸಬೇಕಾಗುತ್ತದೆ, ನೋವಿರುತ್ತದೆ, ಈಗಲೇ ತಮ್ಮನ ಮನಸ್ಸನ್ನು ಅದಕ್ಕೆ ಸಿದ್ಧ ಮಾಡಿ.

ಕೇಬಲ್ ಜಾಯಿಂಟರ್

ಮೂರು ಸುಕ್ಕು! ಡೈರಿಯ ಹುಡುಗನ ಮನೆಗೆ ಹೋದಿರಾ?

ಹೇಮಾವತಿ ತೀರ

ಹೋಗಿದ್ದೆವು ಸರ್. ತಮ್ಮನೂ ಬಂದಿದ್ದ. ಬಲಗೈಯಲ್ಲೇ ಅವನ ಕೈ ಕುಲುಕಿದ.